ರೂಟರಿಗೆ ಶುದ್ಧ ಕರೆಂಟು

ನನ್ನ ಮಗನ ಕಿವಿ ಬಹಳ ಸೂಕ್ಷ್ಮ ಎಂದು ಅವನಿಗೆ ಮೊದಲು ಹೇಳಿದವರು ಯಾರೋ, ಅವರ ನಾಲಿಗೆ ಬಿದ್ದುಹೋಗಲಿ. ನಲವತ್ತಾರು ವರ್ಷದ ಗಂಡಸು. ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವ ಕೆಲಸ. ಗಿರಾಕಿ ತನ್ನ ಗೋಡೆಯ ಒಂದು ಚೂರು ಕಿತ್ತು ತಂದು ಕೊಟ್ಟರೆ ಸಾಕು, ಅದೇ ಬಣ್ಣ ಡಬ್ಬಿಯಲ್ಲಿ ಮಾಡಿಕೊಡುತ್ತಾನೆ. ಬಿಳಿಯಲ್ಲೇ ಹದಿನೇಳು ಬಿಳಿ ತೋರಿಸುತ್ತಾನೆ. ಕಣ್ಣಿನ ವಿಷಯದಲ್ಲಿ ಅವನನ್ನು ಒಪ್ಪುತ್ತೇನೆ. ಆದರೆ ಕಣ್ಣು ಚುರುಕಾದವನಿಗೆ ಕಿವಿಯೂ ಚುರುಕು ಎಂದು ಯಾವ ಪುಸ್ತಕದಲ್ಲಿ ಬರೆದಿದೆ?

ನಮ್ಮದು ಮೂರನೇ ಮಹಡಿಯ ಮನೆ. ಎರಡು ಕೋಣೆ, ಒಂದು ಹಜಾರ, ಐದು ಜನ. ಹಜಾರದಲ್ಲಿ ಅವನ ಎರಡು ಸ್ಪೀಕರುಗಳು. ನನ್ನ ಎದೆಯವರೆಗೆ ಬರುತ್ತವೆ. ಕೂರಿ ಎಂದರೂ ಕೂರದ ನೆಂಟರ ಹಾಗೆ ಗೋಡೆಯಿಂದ ಮೂರಡಿ ಮುಂದೆ ನಿಂತಿವೆ. ಗೋಡೆಗೆ ಒರಗಿಸಿದರೆ ಸದ್ದು ಕೆಡುತ್ತದಂತೆ. ಹಾಗಾಗಿ ನಾವು ಮನುಷ್ಯರು ಅಡ್ಡಡ್ಡ ನಡೆಯುತ್ತೇವೆ.

ಮೊದಲು ಸ್ಪೀಕರ್ ಬದಲಾಯಿತು, ಆಮೇಲೆ ತಂತಿ ಬದಲಾಯಿತು, ಆಮೇಲೆ ಕಿಟಕಿಯ ಪರದೆ ಕೂಡ ಬದಲಾಯಿತು. ಬದಲಿಸಲು ಇನ್ನೇನೂ ಉಳಿದಿಲ್ಲ ಎಂದು ನಾವು ಉಸಿರು ಬಿಟ್ಟಾಗ ಅವನ ಕಣ್ಣು ರೂಟರ್ ಮೇಲೆ ಬಿತ್ತು.

ರೂಟರ್ ಎಂದರೆ ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ. ಅದು ಅವನದಲ್ಲ. ನನ್ನ ಸೊಸೆಗೆ ಅವಳ ಕಂಪನಿ ಕೊಟ್ಟದ್ದು. ಬಟ್ಟೆ ಒಗೆಯುವ ಮೆಷಿನ್ ಕೆಟ್ಟಾಗ ಜನ ಫೋನ್ ಮಾಡಿ ಬೈಯುತ್ತಾರಲ್ಲ, ಆ ಬೈಗುಳ ಕೇಳಿಸಿಕೊಳ್ಳುವುದು ಅವಳ ಕೆಲಸ. ಮಲಗುವ ಕೋಣೆಯ ಕಿಟಕಿ ಪಕ್ಕ ಒಂದು ಮೇಜು, ತಲೆಗೆ ಹೆಡ್‌ಫೋನು. ಆರು ವರ್ಷದಿಂದ ದಿನಕ್ಕೆ ಎಂಬತ್ತು ಜನರಿಂದ ಬೈಸಿಕೊಂಡು, ಎಂಬತ್ತು ಜನಕ್ಕೂ ‘ಕ್ಷಮಿಸಿ’ ಎಂದು, ಸಂಜೆ ಎದ್ದು ಬಂದು ನಮಗೆಲ್ಲ ಅಡುಗೆ ಮಾಡುತ್ತಾಳೆ. ಲೈನು ಕಂಪನಿಯದು, ಕಂಪ್ಯೂಟರು ಕಂಪನಿಯದು. ಆ ಕಂಪ್ಯೂಟರು ಆ ಲೈನು ಬಿಟ್ಟು ಬೇರೆಯದಕ್ಕೆ ಒಪ್ಪುವುದಿಲ್ಲ. ಮೊಬೈಲ್ ನೆಟ್ಟು ಕೊಟ್ಟರೆ ಮುಖ ತಿರುಗಿಸುತ್ತದೆ. ಹಜಾರದ ಮೂಲೆಯಲ್ಲಿದ್ದ ರೂಟರ್ ಮೇಲೆ ‘ಮುಟ್ಟಬೇಡಿ’ ಎಂದು ಹಳದಿ ಚೀಟಿ ಅಂಟಿಸಿದ್ದರು. ಅದೇ ಲೈನಿನಲ್ಲಿ ಗಂಡನೂ ಹಾಡು ಕೇಳಿಕೊಳ್ಳಲಿ ಎಂದು ಬಿಟ್ಟದ್ದು ಅವಳ ದೊಡ್ಡ ಮನಸ್ಸು.

ಒಂದು ಸಂಜೆ ಊಟಕ್ಕೆ ಕೂತಾಗ ಮಗ ಶುರು ಮಾಡಿದ.

“ಅಪ್ಪ, ರೂಟರ್‌ಗೆ ಒಂದು ಕಪ್ಪು ಅಡಾಪ್ಟರ್ ಕೊಟ್ಟಿದಾರಲ್ಲ, ಅದು ಕೊಳಕು ಕರೆಂಟ್ ಕೊಡ್ತಿದೆ.”

“ಕೊಳಕಾ? ಬಟ್ಟೆ ತಗೊಂಡು ಒರೆಸಲೇನೋ?” ಎಂದಳು ನನ್ನ ಹೆಂಡತಿ.

“ಅಮ್ಮ, ನಿನಗೆ ಅರ್ಥ ಆಗಲ್ಲ. ಆ ಕೊಳಕು ತಂತಿ ಹಿಡ್ಕೊಂಡು ಹಾಡಿನ ಒಳಗೆ ಬರುತ್ತೆ. ಹಾಡುವವಳು ಉಸಿರು ತಗೊಳ್ಳೋದೇ ಕೇಳಿಸ್ತಿಲ್ಲ ನನಗೆ.”

“ಉಸಿರು ತಗೊಳ್ದೆ ಹಾಡ್ತಾಳಾ? ಸತ್ತೇ ಹೋಗ್ತಾಳೆ” ಎಂದಳು ಮೊಮ್ಮಗಳು. ಹದಿನಾಲ್ಕು ವರ್ಷ, ನಾಲಿಗೆ ನಲವತ್ತರದು.

ಸೊಸೆ ಆಲೂಗಡ್ಡೆ ಬಡಿಸುತ್ತಾ ಕೇಳಿದಳು: “ಇದನ್ನ ನಿಮಗೆ ಹೇಳಿದ್ದು ಯಾರು? ಕಿವಿಯಪ್ಪನಾ?”

ಕಿವಿಯಪ್ಪ ಎಂದರೆ ಸ್ಪೀಕರ್ ಅಂಗಡಿಯವನು. ನಾವಿಟ್ಟ ಹೆಸರು. ಮಗ ವಾರಕ್ಕೆರಡು ಸಲ ಅವನ ಅಂಗಡಿಯ ಮೆತ್ತನೆ ಸೋಫಾದಲ್ಲಿ ಕೂತು ಬರುತ್ತಿದ್ದ.

“ಅವನ ಹತ್ರ ರೂಟರ್‌ಗೆ ಅಂತಲೇ ಒಂದು ಶುದ್ಧ ಪವರ್ ಸಪ್ಲೈ ಇದೆ. ಹೊರಗಿಂದ ತರಿಸಿದ್ದು.”

“ಎಷ್ಟಂತೆ?”

ಅವನು ಹೇಳಿದ. ಸೊಸೆ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕುರ್ಚಿ ತೆಗೆದಳು. ಬಾಗಿಲು ತಾನಾಗಿ ತೆರೆದುಕೊಂಡಿತು. “ಅಷ್ಟು ದುಡ್ಡಿಗೆ ಬಾಗಿಲು ಮುಚ್ಚೋ ಫ್ರಿಜ್ ಬರುತ್ತೆ” ಎಂದು ಕುರ್ಚಿ ಮತ್ತೆ ಒತ್ತಿಟ್ಟು ಬಂದಳು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿದ್ದದ್ದು ನನ್ನಿಂದ.

ನಾನು ಮೂವತ್ತೆಂಟು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ಅಂಗಡಿ ಮುಚ್ಚಿದಾಗ ನನ್ನ ಸಾಮಾನಿನ ಪೆಟ್ಟಿಗೆಯನ್ನು “ಗುಜರಿಗೆ ಹಾಕಪ್ಪ, ಜಾಗ ತಿನ್ನುತ್ತೆ” ಎಂದವನು ಇದೇ ಮಗ. ಮರುದಿನ ಬೆಳಿಗ್ಗೆ ಅವನೇ ಬಂದು ನನ್ನ ಮಂಚದ ತುದಿಯಲ್ಲಿ ಕೂತ.

“ಅಪ್ಪ, ಒಂದು ಪವರ್ ಸಪ್ಲೈ ನೀನೇ ಕಟ್ಟಿಕೊಡ್ತೀಯಾ? ಹನ್ನೆರಡು ವೋಲ್ಟು. ಹಳೇ ಥರದ್ದು, ಟ್ರಾನ್ಸ್‌ಫಾರ್ಮರ್ ಹಾಕಿ. ಅದರಷ್ಟು ಶುದ್ಧ ಯಾವುದೂ ಇಲ್ಲವಂತೆ.”

ಹಾಡು ರೂಟರಿನಲ್ಲಿ ಹಾಡಾಗಿ ಬರುವುದಿಲ್ಲ, ಅಂಕೆಗಳಾಗಿ ಬರುತ್ತದೆ. ಅಂಕೆಗೆ ಕೊಳೆ ಅಂಟುವುದಿಲ್ಲ. ಇದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಹದಿನೈದು ವರ್ಷದ ಮೇಲೆ ಮಗ ನನ್ನ ಕೈಗೆ ಕೆಲಸ ಕೊಟ್ಟಿದ್ದ. ಉಬ್ಬಿಹೋದೆ. “ಅದೇನ್ ಮಹಾ, ಎರಡು ದಿನದ ಕೆಲಸ” ಎಂದೆ.

ಒಂದು ಲೀಟರಿನ ಖಾಲಿ ಪೇಂಟ್ ಡಬ್ಬಿ ಅವನೇ ತಂದ. ಗುಜರಿಗೆ ಹಾಕದೆ ಉಳಿಸಿಕೊಂಡಿದ್ದ ಪೆಟ್ಟಿಗೆಯಿಂದ ಸಾಮಾನು ತೆಗೆದು ಅದರೊಳಗೆ ಎಲ್ಲ ಕೂರಿಸಿದೆ. ಬೆಸುಗೆಯ ಹೊಗೆ ಬಂದಾಗಲೆಲ್ಲ ಹೆಂಡತಿ ಅಡುಗೆಮನೆಯಿಂದ, “ರೀ, ಮನೆ ಸುಡೋ ಹಾಗಿದ್ರೆ ಮೊದಲೇ ಹೇಳಿ, ಒಣಗಿಸಿದ ಬಟ್ಟೆ ಒಳಗೆ ತರ್ತೀನಿ” ಎಂದು ಕೂಗುತ್ತಿದ್ದಳು.

ಈಗ ನನ್ನ ತಪ್ಪು ಹೇಳುತ್ತೇನೆ ಕೇಳಿ. ಅಡಾಪ್ಟರ್ ವೈರಿನ ತುದಿಯಲ್ಲಿ ಉರುಟಾದ ಪಿನ್ನು ಇರುತ್ತದೆ. ಒಳಗಿನ ತೂತಿಗೆ ಒಂದು ತಂತಿ, ಹೊರಗಿನ ಬಳೆಗೆ ಒಂದು ತಂತಿ. ನನ್ನ ಕೈಗೆ ಬರುತ್ತಿದ್ದ ಟೇಪ್ ರೆಕಾರ್ಡರುಗಳಿಗೆ ಹೆಚ್ಚಾಗಿ ಒಳಗೆ ಮೈನಸ್, ಹೊರಗೆ ಪ್ಲಸ್. ಸಾವಿರಾರು ಕಟ್ಟಿದ್ದೇನೆ, ಕೈ ತಾನಾಗಿ ಹಾಗೇ ಕಟ್ಟಿತು. ಆಮೇಲೆ ಮೀಟರ್ ಹಿಡಿದೆ. ಮೈನಸ್ಸಿನ ಕಪ್ಪು ಕಡ್ಡಿ ಒಳಗೆ, ಪ್ಲಸ್ಸಿನ ಕೆಂಪು ಕಡ್ಡಿ ಹೊರಗೆ. ಮುಳ್ಳು ಹನ್ನೆರಡಕ್ಕೆ ಬಂದು ನಿಂತಿತು. ತಪ್ಪು ಮಾಡಿದ ಕೈಯೇ ಪರೀಕ್ಷೆಯನ್ನೂ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ರೂಟರಿನ ಹೊಟ್ಟೆಯ ಮೇಲೆ ಸಾಸಿವೆ ಗಾತ್ರದ ಚಿತ್ರವಿತ್ತು: ಒಳಗೆ ಪ್ಲಸ್. ನಾನು ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಲಿಲ್ಲ. ನನಗೇ ಪಾಠವೇ ಎಂಬ ಕೊಬ್ಬು.

ಆ ವಾರ ಸೊಸೆಗೆ ಒಂದು ದೊಡ್ಡ ದಿನವಿತ್ತು. ಹನ್ನೆರಡು ಜನ ಹೆಂಗಸರ ಮೇಲೆ ಮೇಲ್ವಿಚಾರಕಿಯಾಗುವ ಅವಕಾಶ. ಮಂಗಳವಾರ ಹತ್ತು ಗಂಟೆಯಿಂದ ಹನ್ನೆರಡರವರೆಗೆ ಅವಳು ಮಾತಾಡುವುದನ್ನು ದೊಡ್ಡವರು ಲೈನಿನಲ್ಲಿ ಕೂತು ಕೇಳುತ್ತಾರೆ. ಪಾಸಾದರೆ ಬೈಗುಳ ಕೇಳುವುದು ತಪ್ಪುತ್ತದೆ. ಊಟದ ಹೊತ್ತಿನಲ್ಲಿ ಮೂರು ಸಲ ಹೇಳಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಗೆ ಸುತ್ತು ಹಾಕಿದ್ದಳು.

ಮಂಗಳವಾರ ನನ್ನ ಮಗನಿಗೆ ವಾರದ ರಜ. ಒಂಬತ್ತೂ ಇಪ್ಪತ್ತಕ್ಕೆ ಸೊಸೆ ಸ್ನಾನಕ್ಕೆ ಹೋದಳು. ಮಗ ಪೇಂಟ್ ಡಬ್ಬಿ ಎತ್ತಿಕೊಂಡು ಬಂದ.

“ಅಪ್ಪ, ಹಾಕೇಬಿಡೋಣ.”

“ಇವತ್ತು ಬೇಡ ಕಣೋ. ಅವಳದು ಇದೆಯಲ್ಲ.”

“ಎರಡು ನಿಮಿಷದ ಕೆಲಸ. ಇದು ಕೀಳೋದು, ಅದು ಚುಚ್ಚೋದು. ಅವಳಿಗೂ ಒಳ್ಳೇದೇ, ದನಿ ಸ್ವಚ್ಛವಾಗಿ ಹೋಗುತ್ತೆ.”

ಅವನನ್ನೊಬ್ಬನನ್ನೇ ಬೈದರೆ ಸುಳ್ಳಾಗುತ್ತದೆ. ನನಗೂ ನನ್ನ ಕೈಕೆಲಸ ನಡೆಯುವುದನ್ನು ನೋಡುವ ಚಪಲ. “ಬೇಗ ಮಾಡು” ಎಂದೆ.

ಚುಚ್ಚಿದ. ‘ಟಿಕ್’ ಎಂದು ಒಂದು ಸದ್ದು ಬಂತು. ಹಸಿರು ದೀಪಗಳಲ್ಲಿ ಒಂದೂ ಹತ್ತಲಿಲ್ಲ. ಸುಟ್ಟ ವಾಸನೆ ಬಂತು, ಆ ವಾಸನೆ ನನಗೆ ಚೆನ್ನಾಗಿ ಗೊತ್ತು.

“ಏನಪ್ಪಾ, ಹತ್ತಲೇ ಇಲ್ಲ?” ಎಂದ. ಹಾಡುವವಳ ಉಸಿರು ಹುಡುಕುತ್ತಿದ್ದ ಈ ಮಹಾರಾಯನಿಗೆ ಆ ಟಿಕ್ ಕೇಳಿಸಲೇ ಇಲ್ಲ!

ಹಳೆಯ ಅಡಾಪ್ಟರ್ ಮತ್ತೆ ಚುಚ್ಚಿದ. ಸತ್ತದ್ದು ಏಳುತ್ತದೆಯೇ? ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆಯಿತು. ಸೊಸೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಮೂಲೆ ನೋಡಿದಳು.

“ದೀಪ ಯಾಕಿಲ್ಲ?”

ನನ್ನ ಮಗ ಕಣ್ಣು ಮಿಟುಕಿಸದೆ ಹೇಳಿದ: “ಲೈನ್ ಹೋಗಿದೆ. ಇಡೀ ಬೀದೀದೇ ಹೋಗಿದೆಯಂತೆ. ಕೆಳಗಡೆ ಹೇಳ್ತಿದ್ರು.”

ಪೇಂಟ್ ಡಬ್ಬಿ ನನ್ನ ತೊಡೆಯ ಮೇಲಿತ್ತು, ಅದರ ಮೇಲೆ ಪೇಪರ್ ಹರಡಿದ್ದೆ. ನಾನು ಪೇಪರ್ ಓದಿದೆ. ಅಂದರೆ, ನೋಡಿದೆ.

ಅವಳು ಮೇಲ್ವಿಚಾರಕಿಗೆ ಫೋನ್ ಮಾಡಿದಳು. “ಮೇಡಂ, ನಮ್ಮ ಬೀದಿ ಲೈನೇ ಹೋಗಿದೆ. ಇಲ್ಲ ಮೇಡಂ, ಖಂಡಿತ. ಇಡೀ ಬೀದೀದು. ಬೇಕಾದ್ರೆ ವಿಚಾರಿಸಿ.” ಆಮೇಲೆ ಕೋಣೆಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಲೈನಿಲ್ಲದ ಕಂಪ್ಯೂಟರಿನ ಮುಂದೆ ಹನ್ನೆರಡು ಗಂಟೆಯವರೆಗೆ ಕೂತಿದ್ದಳು. ಒಂದು ವೇಳೆ ಬಂದರೆ ಎಂದು.

ಅವರು ವಿಚಾರಿಸಿದರು.

ಮರುದಿನ ಕಂಪನಿಯ ಮೆಕ್ಯಾನಿಕ್ ಬಂದು, “ಬೀದೀಲಿ ಏನೂ ಹೋಗಿಲ್ಲ, ಪೆಟ್ಟಿಗೆ ಸತ್ತಿದೆ” ಎಂದು ಅದನ್ನು ತೆಗೆದುಕೊಂಡು, ತಾತ್ಕಾಲಿಕವಾಗಿ ಬೇರೊಂದು ಇಟ್ಟು ಹೋದ. ಸೊಸೆ ಮತ್ತೆ ಕೆಲಸಕ್ಕೆ ಕೂತಳು. ಅವಳ ಗಂಡ ಅದೇ ಸಂಜೆ ಸ್ಪೀಕರ್ ಮುಂದೆ ಕೂತ. ಹದಿಮೂರು ದಿನ ಹೀಗೇ ನಡೆಯಿತು. ಸೊಸೆ ತಟ್ಟೆಗೆ ಅನ್ನ ಹಾಕುತ್ತಾ ಲೈನ್‌ನವರನ್ನು ಬೈಯುತ್ತಿದ್ದಳು, ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ. ಹೆಂಡತಿಗೆ ಎಲ್ಲ ಗೊತ್ತಿತ್ತು. ಕೋಣೆಯಲ್ಲಿ ನನ್ನನ್ನು ತಿವಿಯುತ್ತಿದ್ದಳು: “ನೀವು ಹೇಳ್ತೀರೋ, ನಾನು ಹೇಳ್ಲೋ?”

“ಮಗನ ಸಂಸಾರ ಕಣೆ. ನಾವು ಬಾಯಿ ಹಾಕಿದ್ರೆ…”

“ಕೈ ಹಾಕೋವಾಗ ಇದು ನೆನಪಿರ್ಲಿಲ್ವಾ?”

ಹದಿಮೂರನೇ ದಿನ ಸೋಮವಾರ. ಕಂಪನಿಯ ಪತ್ರ ಬಂತು. ಸೊಸೆ ಊಟದ ಮೇಜಿನ ಮೇಲೆ ಅದನ್ನು ಇಟ್ಟು ಗಟ್ಟಿಯಾಗಿ ಓದಿದಳು. ಪೆಟ್ಟಿಗೆಗೆ ಹೊರಗಿನಿಂದ ತಿರುಗುಮುರುಗಾಗಿ ಕರೆಂಟು ಕೊಟ್ಟು ಸುಡಲಾಗಿದೆ. ಬೀದಿಯ ಲೈನು ಆ ದಿನ ಸರಿಯಾಗಿತ್ತು. ಸುಳ್ಳು ಕಾರಣ ನೀಡಿದ್ದೇಕೆ ಎಂಬುದಕ್ಕೆ ಶುಕ್ರವಾರ ಹನ್ನೊಂದಕ್ಕೆ ಆಫೀಸಿಗೆ ಬಂದು ಉತ್ತರ ಕೊಡಬೇಕು. ಅಲ್ಲಿಯವರೆಗೆ ಕೆಲಸಕ್ಕೆ ಕೂರುವಂತಿಲ್ಲ.

“ಎಲ್ಲ ಕಂಪನಿಯವರ ಆಟ. ಅವರ ಡಬ್ಬಾ ಪೆಟ್ಟಿಗೆ ಸುಟ್ರೆ ನಮ್ಮ ತಲೆ ಮೇಲೆ ಹಾಕ್ತಾರೆ” ಎಂದ ಮಗ. ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮೊಮ್ಮಗಳು ಚಮಚ ಕೆಳಗಿಟ್ಟಳು. “ತಾತ, ಆ ಪೇಂಟ್ ಡಬ್ಬಿ…”

“ಯಾವ ಡಬ್ಬಿ?” ಸೊಸೆ ಕೇಳಿದಳು.

ಮೇಜಿನ ಕೆಳಗೆ ಹೆಂಡತಿ ನನ್ನ ಕಾಲು ತುಳಿದಳು. ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಮೈನಸ್ಸು, ಪ್ಲಸ್ಸು, ಪೇಪರಿನ ಕೆಳಗೆ ಬಚ್ಚಿಟ್ಟದ್ದು ಎಲ್ಲ.

ಆಮೇಲೆ ಸೊಸೆ ಗಂಡನ ಕಡೆ ತಿರುಗಿದಳು.

“ಪೆಟ್ಟಿಗೆ ಸುಟ್ರಿ. ಸುಡ್ಲಿ. ಸುಟ್ಟೆ ಅಂತ ಹೇಳಿದ್ರೆ ನಾನು ಅವರಿಗೆ ಅದನ್ನೇ ಹೇಳ್ತಿದ್ದೆ. ಕೂಗಾಡ್ತಿದ್ದೆ, ಅತ್ತುಬಿಡ್ತಿದ್ದೆ, ಮುಗೀತಿತ್ತು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ!”

“ನಿನಗೆ ಟೆನ್ಷನ್ ಆಗ್ಬಾರ್ದು ಅಂತ…”

“ಟೆನ್ಷನ್! ಆರು ವರ್ಷ ಊರಿನವರೆಲ್ಲ ನನ್ನನ್ನ ಬೈದಿದಾರೆ. ಕತ್ತೆ ಅಂದಿದಾರೆ, ಎಮ್ಮೆ ಅಂದಿದಾರೆ. ಸುಳ್ಳಿ ಅಂತ ಒಬ್ರೂ ಅಂದಿಲ್ಲ. ಈಗ ಬರೆದು ಕಳಿಸಿದಾರೆ ನೋಡಿ, ಸೀಲ್ ಹೊಡೆದು!”

“ಒಂದು ಹಾಡು ಚೆನ್ನಾಗಿ ಕೇಳ್ಬೇಕು ಅಂದಿದ್ದು ಅಷ್ಟು ದೊಡ್ಡ ಅಪರಾಧನಾ? ದಿನವಿಡೀ ಪೇಂಟ್ ವಾಸನೆ ಕುಡೀತೀನಿ, ಸಂಜೆ ಒಂದು ಗಂಟೆ ನನಗೂ…”

“ನಿಮ್ಮ ಒಂದು ಗಂಟೆಗೆ ನನ್ನ ಆರು ವರ್ಷ ಹೋಯ್ತು!”

ಅವನು ತಟ್ಟೆ ತಳ್ಳಿ ಎದ್ದು ಹೋದ. ಸೊಸೆ ನನ್ನನ್ನು ನೋಡಿದಳು. ಕೂಗಲಿಲ್ಲ.

“ಎಷ್ಟು ದಿನ ಆಯ್ತು ಮಾವ?”

“ಹದಿಮೂರು.”

“ಹದಿಮೂರು ದಿನ ನನ್ನ ಕೈಲಿ ಬಡಿಸ್ಕೊಂಡು ಉಂಡ್ರಿ.”

ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟೆ.

ಮಂಗಳವಾರದಿಂದ ಒಲೆಯ ಮೇಲೆ ಮೂರು ಜನರ ಅಡುಗೆ. ತನಗೆ, ಅತ್ತೆಗೆ, ಮಗಳಿಗೆ. ನಾನೂ ಮಗನೂ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮೊಟ್ಟೆ ಬೇಯಿಸಿದ್ದು ನಾನು. ಅವನು ಸಿಪ್ಪೆ ಸುಲಿಯುತ್ತಾ ಗೊಣಗಿದ: “ನೀನು ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು?”

“ಲೋ, ಮುಚ್ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು!” ಎಂದು ಕೂಗಿದೆ. ಮೊಟ್ಟೆಯ ಪಾತ್ರೆ ತೊಟ್ಟಿಗೆ ಎಸೆದೆ. ಹಿಡಿ ಮುರಿಯಿತು. ಹೆಂಡತಿ ಅದಕ್ಕೂ ಬೈದಳು.

ಗುರುವಾರ ಸೊಸೆ ಗಂಡನಿಗೆ ಒಂದೇ ಮಾತು ಹೇಳಿದಳು: “ನಾಳೆ ನೀವು ನನ್ನ ಜೊತೆ ಬರ್ಬೇಕು. ಬಂದು, ಸುಳ್ಳು ಹೇಳಿದ್ದು ನಾನು, ಅವಳಲ್ಲ ಅಂತ ಹೇಳ್ಬೇಕು.”

“ನಾಳೆ ಅಂಗಡಿಗೆ ದೊಡ್ಡ ಕಾಂಟ್ರಾಕ್ಟರ್ ಬರ್ತಾನೆ. ನಲವತ್ತು ಡಬ್ಬಿ ಆರ್ಡರು.”

“ಅರ್ಧ ದಿನ.”

“ಹೆಂಡ್ತಿ ಆಫೀಸಲ್ಲಿ ಕೈಕಟ್ಟಿ ನಿಂತ್ಕೊಳ್ಳಲಾ? ನಾಳೆ ನಾಲ್ಕು ಜನ ಏನಂತಾರೆ?”

“ನಾನು ಬರ್ತೀನಮ್ಮ” ಎಂದೆ.

ಶುಕ್ರವಾರ ಬೆಳಿಗ್ಗೆ ಸೊಸೆ ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮಗ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಕೊನೆಗೂ ನಾಚಿಕೆ ಬಂತೇನೋ, ಹೆಂಡತಿಗೆ ಏನಾದರೂ ಹೇಳಿ ಕಳಿಸುತ್ತಾನೇನೋ ಎಂದುಕೊಂಡೆ. ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

“ಅಪ್ಪ, ಹೊಸ ಪೆಟ್ಟಿಗೆ ತಿರುಗಿಸಿ ನೋಡ್ದೆ. ಅದರದ್ದೂ ಒಳಗೆ ಪ್ಲಸ್ಸೇ. ಈ ಗಲಾಟೆ ತಣ್ಣಗಾದ ಮೇಲೆ ಆ ಪಿನ್ ಒಂದು ತಿರುಗಿಸಿ ಕಟ್ಟಿಕೊಡು.”

ನಾನು ಎಪ್ಪತ್ತೆಂಟು ವರ್ಷ ಬದುಕಿದ್ದೇನೆ. ಬೆಳೆದ ಮಗನಿಗೆ ಹೊಡೆಯಲು ಕೈ ಎತ್ತಿದ್ದು ಅದೊಂದೇ ಸಲ. ಹೊಡೆಯಲಿಲ್ಲ. ಕೈ ಬಾಗಿಲಿಗೆ ಹೋಯಿತು, ಧಡಾರ್ ಎಂದು ಎಳೆದು ಹೊರಟೆ.

ಎರಡು ಬಸ್ಸು. ಎರಡರಲ್ಲೂ ಅವಳು ಬೇರೆ ಸೀಟು. ಆಫೀಸಿನಲ್ಲಿ ಉದ್ದುದ್ದ ಸಾಲು, ಸಾಲಿಗೆ ಇಪ್ಪತ್ತು ಹೆಂಗಸರು, ಎಲ್ಲರ ಬಾಯಲ್ಲೂ ಕ್ಷಮಿಸಿ, ಕ್ಷಮಿಸಿ. ಗಾಜಿನ ಕೋಣೆಯಲ್ಲಿ ಮೇಲ್ವಿಚಾರಕಿ ಇದ್ದಳು, ಸೊಸೆಗಿಂತ ಚಿಕ್ಕವಳು. ಪಕ್ಕದಲ್ಲಿ ಫೈಲು ಹಿಡಿದ ಒಬ್ಬ ಗಂಡಸು.

“ಇವರು ಯಾರು?”

“ನಮ್ಮ ಮಾವ. ಪೆಟ್ಟಿಗೆ ಸುಟ್ಟವರು” ಎಂದಳು ಸೊಸೆ.

ನಾನು ಎಲ್ಲ ಹೇಳಿದೆ. ಪಿನ್ನಿನ ಚಿತ್ರ ಬರೆದು ತೋರಿಸಿದೆ. ಹಾಡಿನ ವಿಷಯಕ್ಕೆ ಬಂದಾಗ ಫೈಲಿನವನಿಗೆ ನಗು ತಡೆಯಲಿಲ್ಲ.

“ನಗಬೇಡಿ ಸ್ವಾಮಿ,” ಎಂದೆ. “ನಿಮ್ಮ ಕಾಗದದಲ್ಲಿ ಸುಳ್ಳಿ ಅಂತ ಬರ್ದಿರೋದು ಇವಳನ್ನ. ಸುಳ್ಳು ಹೇಳಿದ್ದು ನನ್ನ ಮಗ. ಬಾಯಿಗೆ ಬೀಗ ಹಾಕ್ಕೊಂಡಿದ್ದು ನಾನು. ಇವಳಿಗೆ ಏನೂ ಗೊತ್ತಿರ್ಲಿಲ್ಲ. ಮೊದಲು ಅದನ್ನ ಹೊಡೆದುಹಾಕಿ, ಆಮೇಲೆ ನಗುವಿರಂತೆ.”

ಅವನು ನಗು ನಿಲ್ಲಿಸಿದ. ಇಬ್ಬರೂ ಏನೋ ಪಿಸುಗುಟ್ಟಿದರು. ಮೇಲ್ವಿಚಾರಕಿ ಪತ್ರದ ಆ ಸಾಲನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಸಹಿ ಮಾಡಿದಳು. ಆಮೇಲೆ ಇನ್ನೊಂದು ಕಾಗದ ಮುಂದಿಟ್ಟಳು.

“ಮುಂದಿನ ತಿಂಗಳು ನಿಮಗೆ ಮತ್ತೆ ಪರೀಕ್ಷೆ ಇಡ್ತೀವಿ. ಮನೆಯಿಂದಲೇ ಕೆಲಸ ಮಾಡಿ. ಆದ್ರೆ ಇದಕ್ಕೆ ಸಹಿ ಬೇಕು. ಮನೇಲಿ ಇನ್ಮೇಲೆ ಯಾರೂ ನಮ್ಮ ಸಾಮಾನು ಮುಟ್ಟಲ್ಲ, ಅದಕ್ಕೆ ನಾನು ಜವಾಬ್ದಾರಿ ಅಂತ. ಮತ್ತೆ ಹೀಗಾದ್ರೆ ಕೆಲಸ ಹೋಗುತ್ತೆ.”

ಸೊಸೆ ಪೆನ್ನು ತೆಗೆದುಕೊಂಡಳು. ಬರೆಯುವ ಮೊದಲು ನನ್ನ ಕಡೆ ತಿರುಗಿದಳು. ಆ ಸೋಮವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

“ಹಾಕ್ಲಾ ಮಾವ? ಅವ್ರು ಮುಟ್ಟಲ್ವಾ?”

ಹಾಕಮ್ಮ ಎಂದಿದ್ದರೆ ಎಲ್ಲ ಅಲ್ಲಿಗೆ ಸರಿಹೋಗುತ್ತಿತ್ತು. ಮನೆ ಮನೆಯಾಗಿ ಉಳಿಯುತ್ತಿತ್ತು, ನನ್ನ ತಟ್ಟೆಗೂ ಅನ್ನ ಬೀಳುತ್ತಿತ್ತು.

“ಇವತ್ತು ಬೆಳಿಗ್ಗೆ ಕೇಳ್ದ,” ಎಂದೆ. “ಹೊಸ ಪೆಟ್ಟಿಗೆಗೆ ಪಿನ್ ಕಟ್ಟಿಕೊಡು ಅಂತ. ನೀನು ಚಪ್ಪಲಿ ಹಾಕ್ಕೊಳ್ತಿದ್ದೆ.”

ಅವಳು ಪೆನ್ನು ಕೆಳಗಿಟ್ಟಳು. ಕಾಗದವನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದಳು.

“ಆ ಮನೆಗೆ ನಾನು ಜವಾಬ್ದಾರಿ ಅಲ್ಲ ಮೇಡಂ. ಇಲ್ಲೇ ಒಂದು ಕುರ್ಚಿ ಕೊಡಿ.”

ಕುರ್ಚಿ ಕೊಟ್ಟರು. ಬೆಳಿಗ್ಗೆ ಎಂಟರಿಂದ ಸಂಜೆ ಐದು, ಸೋಮವಾರದಿಂದ. ಶನಿವಾರ ಮೆಕ್ಯಾನಿಕ್ ಬಂದು ಕಂಪ್ಯೂಟರು, ಪೆಟ್ಟಿಗೆ ಎರಡನ್ನೂ ಎತ್ತಿಕೊಂಡು, ಲೈನು ಬಿಚ್ಚಿ ಹೋದ.

ಅಂದು ಸಂಜೆ ಮಗ ಅಂಗಡಿಯಿಂದ ಬಂದು, ಕೈ ತೊಳೆಯುವ ಮೊದಲು ಬಟನ್ ಒತ್ತಿದ. ಹಾಡು ಬರಲಿಲ್ಲ. ಮೂಲೆ ನೋಡಿದ.

“ಲೈನ್ ಎಲ್ಲಿ?”

“ಕಂಪನೀದು. ತಗೊಂಡು ಹೋದ್ರು” ಎಂದಳು ಸೊಸೆ. ಸೋಮವಾರಕ್ಕೆ ಸೀರೆಯೊಂದನ್ನು ಇಸ್ತ್ರಿ ಮಾಡುತ್ತಿದ್ದಳು. “ನಿಮ್ಮ ಹೆಸರಲ್ಲಿ ಒಂದು ಹಾಕಿಸ್ಕೊಳ್ಳಿ. ಹಾಗೇ ಬೆಳಿಗ್ಗೆ ಏಳಕ್ಕೆಲ್ಲ ನಾನು ಹೊರಡ್ತೀನಿ. ಅತ್ತೆಗೆ ಮಂಡಿ ನೋವು. ಅಡುಗೆ ನೀವು ನೋಡ್ಕೊಳ್ಳಿ, ಮಾವನ್ನೂ ಸೇರಿಸ್ಕೊಳ್ಳಿ.”

“ಅವರು ಮನೆಯಿಂದಲೇ ಮಾಡು ಅಂದ್ರಂತಲ್ಲ! ಸಹಿ ಹಾಕಿದ್ರೆ ಸಾಕಿತ್ತಂತೆ. ಅಮ್ಮ ಹೇಳಿದ್ಳು. ಹಟಕ್ಕೆ ಬಿದ್ದು ಸಂಸಾರ ಬೀದಿಗೆ ತಂದೆ.”

ಇಸ್ತ್ರಿ ಪೆಟ್ಟಿಗೆ ಮುಂದೆ ಹೋಯಿತು, ಹಿಂದೆ ಬಂತು.

“ಹೇಳು. ನಾನು ಬರ್ಲಿಲ್ಲ ಅಂತ ತಾನೇ ಈ ಕೋಪ? ನಾನು ಅಲ್ಲಿಗೆ ಬಂದು ಏನು ಕಡಿದು ಕಟ್ಟೆ ಹಾಕ್ಬೇಕಿತ್ತು? ಬಂದಿದ್ರೆ ಏನು ಬದಲಾಗ್ತಿತ್ತು?”

ಸೊಸೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ಕಿತ್ತಳು.

“ಬಂದಿದ್ರೆ ಸಹಿ ಹಾಕ್ತಿದ್ದೆ.”